ಇಟಲಿಯ ರವೆನ್ನಾದಲ್ಲಿ ಒಂದು ದಿನ: ಏನನ್ನು ನೋಡಬೇಕು?

ಪ್ರಶ್ನೆ: ಬೊಲೋನ್ಯಾದಿಂದ ರೈಲಿನಲ್ಲಿ ಬಂದು ಸಂಜೆಗೆ ಮರಳುವ ನಾವು, ರವೆನ್ನಾದ ಎಂಟು ವಿಶ್ವಪರಂಪರೆಯ ಸ್ಮಾರಕಗಳಲ್ಲಿ ಯಾವುದನ್ನು ತಪ್ಪಿಸಿಕೊಳ್ಳಬಾರದೆಂದು ಬಲ್ಲವರು ದಯವಿಟ್ಟು ತಿಳಿಸುವಿರಾ?

ಉತ್ತರ 1: 547ರಲ್ಲಿ ಪ್ರತಿಷ್ಠಾಪನೆಗೊಂಡ ಸಾನ್ ವಿತಾಲೆ ಚರ್ಚಿನಿಂದಲೇ ಆರಂಭಿಸಿ. ಚಿನ್ನದ ಪಾತ್ರೆ ಹಿಡಿದ ಪೂರ್ವ ರೋಮನ್ ಚಕ್ರವರ್ತಿ ಜಸ್ಟೀನಿಯನ್, ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಅಲ್ಲಿನ ಮೊಸಾಯಿಕ್ ಚಿತ್ರದಲ್ಲಿದ್ದಾನೆ; ಆತ ಈ ಊರಿಗೆ ಕಾಲಿಟ್ಟವನೇ ಅಲ್ಲ ಎಂಬುದು ಸ್ವಾರಸ್ಯ.

ಉತ್ತರ 2: ಪಕ್ಕದಲ್ಲೇ ಇರುವ ರೋಮನ್ ರಾಣಿ ಗಲ್ಲಾ ಪ್ಲಾಚೀದಿಯಾಳ ಹೆಸರಿನ ಸಮಾಧಿಮಂದಿರವನ್ನು, ಚಿಕ್ಕದೆಂದು ಅವಸರಿಸದೆ ನೋಡಿ. ಕಿಟಕಿಗಳಿಗೆ ಅಲಬಾಸ್ಟರ್ ಕಲ್ಲಿನ ತೆಳುಹಲಗೆಗಳಿರುವುದರಿಂದ ಒಳಗೆ ಮಬ್ಬುಗತ್ತಲೆಯಿದ್ದು, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತರೆ ಕಡುನೀಲಿ ಚಾವಣಿಯ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಮೂಡತೊಡಗುತ್ತವೆ.

ಉತ್ತರ 3: 1321ರಲ್ಲಿ ಇಲ್ಲಿಯೇ ತೀರಿಕೊಂಡ ಕವಿ ಡಾಂಟೆಯ ಸಮಾಧಿಗೆ ಹತ್ತು ನಿಮಿಷ ಸಾಕು. ಅಲ್ಲಿ ಉರಿಯುವ ದೀಪದ ಎಣ್ಣೆಯನ್ನು, ಅವನನ್ನು ಗಡೀಪಾರು ಮಾಡಿದ ಫ್ಲಾರೆನ್ಸ್ ನಗರವೇ ಪ್ರತಿವರ್ಷ ಒದಗಿಸುತ್ತದೆ.