ಪದಚರ್ಚೆ: 'ವರ್ಟಿಕಲ್ ರೈಲ್ವೇ'ಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಲಿಫ್ಟ್ ಹೊಸದಾಗಿ ಬಂದಾಗ ಅಮೆರಿಕದಲ್ಲಿ ಅದನ್ನ ಬಿಲ್ಡಿಂಗ್ ಓನರ್‌ಗಳಿಗೆ ಹೆಂಗೆ ಒಪ್ಪಿಸಿ ಮಾರಿದ್ರು ಅಂತ ಒಂದು ಲೇಖನ ಬರೀತಿದೀನಿ, ಎರಡು ಮೂರು ಪದಗಳ ಹತ್ರ ಕೈ ಕಟ್ಟಿಹೋಗಿದೆ.

ಮೊದಲನೇದು 'ವರ್ಟಿಕಲ್ ರೈಲ್ವೇ'. 1859ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಹೋಟೆಲಿಗೆ ಓಟಿಸ್ ಟಫ್ಟ್ಸ್ ಅನ್ನೋನು ಹಾಕಿಕೊಟ್ಟ ಲಿಫ್ಟಿನ ಹೆಸರು ಇದು (ಲಿಫ್ಟ್ ಕಂಪನಿಯ ಎಲಿಷಾ ಓಟಿಸ್ ಬೇರೆ, ಇವನು ಬೇರೆ). ಇದು ಹಗ್ಗದ ಮೇಲೆ ನೇತಾಡ್ತಿರಲಿಲ್ಲ, ಕೆಳಗಿಂದ ಮೇಲಿನವರೆಗೂ ನಿಲ್ಲಿಸಿದ್ದ ಒಂದು ಭಾರಿ ಕಬ್ಬಿಣದ ಸ್ಕ್ರೂ ಉಗಿ ಎಂಜಿನ್‌ನಿಂದ ತಿರುಗ್ತಿತ್ತು, ಬೋಲ್ಟಿಗೆ ನಟ್ಟು ಏರೋ ಥರ ಕ್ಯಾಬಿನ್ನು ಅದರ ಸುತ್ತ ಏರ್ತಿತ್ತು. ಹಗ್ಗ ಹರಿದ್ರೆ ಅನ್ನೋ ಪ್ರಶ್ನೆನೇ ಇಲ್ಲ. ತುಂಬಾ ನಿಧಾನ, ಖರ್ಚೂ ಜಾಸ್ತಿ, ಅಂತ 1875ರಲ್ಲಿ ಕಿತ್ತುಹಾಕಿದ್ರು, ಅದಿರಲಿ. ಲಿಫ್ಟಿಗೆ ಅಮೆರಿಕದೋರು ಹೇಳೋ ಎಲಿವೇಟರ್ ಅನ್ನೋ ಪದ ಇದೆಯಲ್ಲ, ಅದು ಆ ಕಾಲಕ್ಕೆ ಬಫಲೋ ಊರಲ್ಲಿ ಹಡಗಿಂದ ಕಾಳು ಎತ್ತಿ ಉಗ್ರಾಣಕ್ಕೆ ಸುರಿಯೋ ಯಂತ್ರವೂ ಹೌದು, ರೈಲು ಅಂದ್ರೆ ದುಡ್ಡಿದ್ದೋರು ಕೂತು ಹೋಗೋ ಸವಾರಿ. ಹೋಟೆಲಿನೋರಿಗೆ ಯಾವ ಹೆಸರು ರುಚಿಸ್ತದೆ ನೀವೇ ಹೇಳಿ. ಹಾಗಾಗಿ ಕನ್ನಡದಲ್ಲೂ 'ರೈಲು' ಉಳೀಬೇಕು ಅಂತ ನನ್ನ ಹಠ. 'ಲಂಬ ರೈಲು' ಅಂದ್ರೆ ಹೈಸ್ಕೂಲ್ ರೇಖಾಗಣಿತ ನೆನಪಾಗ್ತದೆ, 'ಏರು ರೈಲು' ಅಂದ್ರೆ ಸಕಲೇಶಪುರ ಘಾಟಿ ಹತ್ತೋ ಗಾಡಿ ಅನ್ಕೋತಾರೆ. 'ನೆಟ್ಟನೆ ರೈಲು' ಹೆಂಗಿದೆ?

ಎರಡನೇದು 'ಏತ'. ಲಿಫ್ಟ್ ಇರಿಗೇಶನ್‌ಗೆ ಏತ ನೀರಾವರಿ ಅಂತ ಸರ್ಕಾರನೇ ಬರೀತದಲ್ಲ, ಹಾಗಾದ್ರೆ ಲಿಫ್ಟಿಗೂ ಏತ ಅನ್ನಬಹುದಲ್ವಾ ಅಂತ ಒಬ್ರು ಕೇಳಿದ್ರು. ಸಾಮಾನು ಎತ್ತೋದಕ್ಕಾದ್ರೆ ಸೈ, ಜನ ಹತ್ತೋದಕ್ಕೆ ನನಗೆ ಒಪ್ಪಿಗೆಯಿಲ್ಲ, ಅಲ್ಲಿ ಲಿಫ್ಟ್ ಅಂತಲೇ ಬರೀತೀನಿ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಹತ್ತಿ ನಿಂತಿದ್ದು ಇಂಥ ಸರಕಿನ ಏತವೇ, ತೆರೆದ ಹಲಗೆ ಅಷ್ಟೇ. ಜನ ನೋಡ್ತಿದ್ದ ಹಾಗೇ ಹಗ್ಗ ಕಡಿಸಿದ, ಅಲ್ಲೀತನಕ ಹಗ್ಗದ ಬಿಗಿಗೆ ಬಾಗಿಕೊಂಡಿದ್ದ ಕಮಾನು ಪಟ್ಟಿ ಚಾಚಿ ಅಕ್ಕಪಕ್ಕದ ಹಳಿಯ ಹಲ್ಲಿಗೆ ಕಚ್ಚಿಕೊಳ್ತು, ಹಲಗೆ ನಿಂತುಬಿಡ್ತು. ಆಗ ಅವನು ಹೇಳಿದ ಅಂತ ಪ್ರಸಿದ್ಧವಾಗಿರೋ 'ಆಲ್ ಸೇಫ್, ಜೆಂಟಲ್‌ಮೆನ್' ಅನ್ನೋದನ್ನ 'ಸರ್ವಂ ಸುರಕ್ಷಿತಂ' ಅಂತ ಮಾಡೋಕೆ ಮನಸ್ಸು ಬರಲ್ಲ, 'ಏನೂ ಭಯ ಇಲ್ಲ ಸ್ವಾಮಿ' ಅಂತ ಇಟ್ಟಿದೀನಿ, ಜಾತ್ರೇಲಿ ಮದ್ದು ಮಾರೋನ ದನಿ ಸ್ವಲ್ಪ ಬರ್ತದೆ, ಬರಲಿ ಬಿಡಿ, ಅವನೂ ಮಾರೋಕೇ ನಿಂತಿದ್ದ.

ಮೂರನೇದರಲ್ಲೇ ನಿಜವಾದ ತಕರಾರು ಇರೋದು, 'ಫ್ಲೋರ್'ಗೆ ಮಹಡಿಯೋ ಅಂತಸ್ತೋ. ಧೈರ್ಯ ಬಂದ ಮಾತ್ರಕ್ಕೆ ಓನರ್ ದುಡ್ಡು ಬಿಚ್ಚಲ್ಲ, ಬಾಡಿಗೆ ಲೆಕ್ಕ ತೋರಿಸಬೇಕು. ಮೆಟ್ಟಿಲು ಹತ್ತಬೇಕಾಗಿದ್ದ ಕಾಲದಲ್ಲಿ ಮೇಲೆ ಹೋದಷ್ಟೂ ಬಾಡಿಗೆ ಇಳೀತಿತ್ತು. 1857ರಲ್ಲಿ ಬ್ರಾಡ್‌ವೇಯ ಹಾವೌಟ್ ಅಂಗಡಿ ಓಟಿಸ್ ಲಿಫ್ಟ್ ಹಾಕಿಸ್ತು, ಪಿಂಗಾಣಿ, ಗಾಜಿನ ಸಾಮಾನು ಮಾರೋ ಐದಂತಸ್ತಿನ ಕಟ್ಟಡ, ಗಿರಾಕಿ ಮೇಲಿನವರೆಗೂ ಬಂದ್ರೆ ತಾನೇ ವ್ಯಾಪಾರ. ಆಮೇಲೆ 1870ರಲ್ಲಿ ಈಕ್ವಿಟಬಲ್ ವಿಮಾ ಕಂಪನಿ ತನ್ನ ಆಫೀಸ್ ಕಟ್ಟಡಕ್ಕೆ ಜನ ಹತ್ತೋ ಲಿಫ್ಟ್ ಹಾಕಿಸ್ತು, ಅಲ್ಲಿಂದ ಲೆಕ್ಕ ತಿರುಗುಮುರುಗಾಗಿ ಗಾಳಿ ಬೆಳಕು ಇರೋ ಮೇಲಿನ ಕೋಣೆಗಳಿಗೇ ಬೇಡಿಕೆ ಬಂತು. ಈಗ ಅಮೆರಿಕದೋರ 'ಫಿಫ್ತ್ ಫ್ಲೋರ್' ಅಂದ್ರೆ ನೆಲದಿಂದ ಎಣಿಸಿ ಐದು, ನಾವು ಐದನೇ ಮಹಡಿ ಅಂದ್ರೆ ನೆಲ ಬಿಟ್ಟು ಐದು, ಬಾಡಿಗೆ ಪಟ್ಟಿ ಹಾಕುವಾಗ ಒಂದು ಮಹಡಿ ಹೆಚ್ಚುಕಮ್ಮಿ ಆಗಿಬಿಡ್ತದೆ. ಎಲ್ಲಾ ಕಡೆ 'ಐದನೇ ಅಂತಸ್ತು' ಅಂತ ಹಾಕಿದ್ರೆ ಓದೋರು ನೆಲ ಸೇರಿಸ್ಕೊಂಡೇ ಎಣಿಸ್ತಾರಾ, ಅಥವಾ ಒಂದು ಕಳೆದು 'ನಾಲ್ಕನೇ ಮಹಡಿ' ಅಂತಲೇ ಬರೆಯೋದು ವಾಸಿಯಾ? ಮಂಗಳೂರು, ಧಾರವಾಡ ಕಡೆ ಹೆಂಗೆ ಎಣಿಸ್ತೀರಿ ಅಂತಲೂ ತಿಳಿಸಿ.