ಸಹಾಯ ಬೇಕು: ಕ್ರೂಸ್ ಹಡಗಿನ ಲೆಕ್ಕ ತೀರಿಸಲು ಡೆಬಿಟ್ ಕಾರ್ಡೋ, ನಗದು ಠೇವಣಿಯೋ?

ತುಮಕೂರಿನ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ಎಸ್.ಎಸ್. ಪುರಂನ 6 ಜನ ಹಿರಿಯರು ಸಿಂಗಪುರದಿಂದ ಕ್ರೂಸ್‌ಗೆ ಹೊರಟಿದ್ದಾರೆ. ಯಾರಲ್ಲೂ ಕ್ರೆಡಿಟ್ ಕಾರ್ಡ್ ಇಲ್ಲ, ಇರುವುದು ಪಿಂಚಣಿ ಖಾತೆಯ ಡೆಬಿಟ್ ಕಾರ್ಡ್ ಮಾತ್ರ.

ಹಡಗಿನ ಅಂಗಡಿ, ಹೋಟೆಲುಗಳಲ್ಲಿ ಸಾಮಾನ್ಯವಾಗಿ ನಗದು ತೆಗೆದುಕೊಳ್ಳುವುದಿಲ್ಲ. ರೂಮಿನ ಕಾರ್ಡ್ ತೋರಿಸಿದರೆ ಜ್ಯೂಸು, ವೈಫೈ ಎಲ್ಲ ಕ್ಯಾಬಿನ್ ಲೆಕ್ಕಕ್ಕೆ ಬೀಳುತ್ತದೆ. ಎಷ್ಟೋ ಹಡಗುಗಳಲ್ಲಿ ತಲೆಗಿಷ್ಟೆಂದು ದಿನದ ಟಿಪ್ಸ್ ಕೂಡ ತಾನಾಗಿಯೇ ಸೇರುತ್ತದೆ. ಇದನ್ನು ಮರೆತವರಿಗೆ ಕೊನೆಯ ಬಿಲ್ಲು ಭಾರವಾಗುತ್ತದೆ.

ನಮ್ಮ ಚಿಂತೆ ಹೋಲ್ಡ್‌ದು. ಡೆಬಿಟ್ ಕಾರ್ಡ್ ಕೊಟ್ಟರೆ ಖರ್ಚಿಗೆ ಮುಂಚೆಯೇ ಖಾತೆಯ ಹಣವನ್ನು ತಡೆಹಿಡಿಯುತ್ತಾರೆ. ಬಿಲ್ಲು ತೀರಿದ ಮೇಲೂ ಅದು ಬಿಡುಗಡೆಯಾಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಔಷಧಿಗೂ ದುಡ್ಡು ಸಿಗದಿದ್ದರೆ ಕಷ್ಟ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ ಮಿತಿ ಏರಿಸಿದ್ದೇವೆ, ಅದಿಲ್ಲದೆ ಕಾರ್ಡ್ ನೋಂದಣಿಯೇ ಆಗದು. ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡವೆನ್ನಿ, ಹಡಗಿನ ಕರೆನ್ಸಿಯಲ್ಲೇ ಕಟ್ಟಿ ಎಂದೂ ಹೇಳಿಕೊಟ್ಟಿದ್ದೇವೆ; ರೂಪಾಯಿ ಲೆಕ್ಕದಲ್ಲಿ ವಿನಿಮಯ ದರ ದುಬಾರಿ.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ:

ಕಾರ್ಡ್ ಬದಲು ಕ್ಯಾಬಿನ್ ಲೆಕ್ಕಕ್ಕೆ ಮುಂಗಡವಾಗಿ ನಗದು ಠೇವಣಿ ಇಡಲು ಒಂದು ಕ್ಯಾಬಿನ್‌ಗೆ ಎಷ್ಟು ಕೇಳಿದರು? ಮಿಕ್ಕ ಹಣ ಇಳಿಯುವ ಹಿಂದಿನ ರಾತ್ರಿಯೇ ಕೈಗೆ ಬಂತೇ, ಬೆಳಿಗ್ಗೆ ಸಾಲಿನಲ್ಲಿ ನಿಲ್ಲಬೇಕಾಯಿತೇ? ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಒಪ್ಪಿದರೇ? ಹಡಗಿನ ಹೆಸರು, ಹೋದ ತಿಂಗಳನ್ನೂ ಬರೆಯಿರಿ, ನಿಯಮ ಕಂಪನಿಗೊಂದು ಥರ.