ಫಾಸ್ಫೋ-ಎಕೆಟಿ (ಸೆರೀನ್ 473) ಬ್ಯಾಂಡ್ ಬರವಲ್ದು, ಒಟ್ಟು ಎಕೆಟಿ ಮಾತ್ರ ಚೊಲೋ ಬರ್ತದ

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎಂಸಿಎಫ್-7 (ಸ್ತನ ಕ್ಯಾನ್ಸರ್) ಕೋಶಗಳಿಗೆ ಇನ್ಸುಲಿನ್ ಕೊಟ್ಟಾಗ ಎಕೆಟಿ ಕೈನೇಸ್ (ಬ್ಯಾರೆ ಪ್ರೋಟೀನ್‌ಗೆ ಫಾಸ್ಫೇಟ್ ಹಚ್ಚೂ ಎಂಜೈಮ್) ಎಷ್ಟು ಚುರುಕಾಗ್ತದ ಅಂತ ವೆಸ್ಟರ್ನ್ ಬ್ಲಾಟ್‌ನಾಗ (ಪ್ರೋಟೀನ್ ಜೆಲ್‌ನಾಗ ಬ್ಯಾರೆ ಮಾಡಿ, ಮೆಂಬ್ರೇನ್‌ಗೆ ಇಳಿಸಿ, ಆ್ಯಂಟಿಬಾಡಿಯಿಂದ ಗುರುತಿಸೂದು) ನೋಡಬೇಕಾಗ್ಯದ. ಚುರುಕಾದ್ರ ಎಕೆಟಿಯ 473ನೇ ಸೆರೀನ್‌ಗೆ ಫಾಸ್ಫೇಟ್ ಕೂಡ್ತದ. ಸೆರೀನ್ 473 ಫಾಸ್ಫೋ ಆ್ಯಂಟಿಬಾಡಿ (ಮೊಲದ್ದು, ಮಾನೋಕ್ಲೋನಲ್) 1:1000, 5% ಹಾಲಿನ ಪುಡಿ ದ್ರಾವಣದಾಗ, 4 ಡಿಗ್ರಿಯೊಳಗ ರಾತ್ರಿಪೂರ್ತಿ. 60 ಕಿಲೋಡಾಲ್ಟನ್ ಹತ್ರ ಏನೂ ಇಲ್ಲ, ಮೆಂಬ್ರೇನ್ ಪೂರಾ ಕರ್ರಗ. ಅದೇ ಲೈಸೇಟ್‌ನಾಗ (ಕೋಶ ಒಡದ ದ್ರಾವಣ) ಒಟ್ಟು ಎಕೆಟಿ (ಅದೂ ಮೊಲದ ಆ್ಯಂಟಿಬಾಡಿ) ಸ್ವಚ್ಛ ಬರ್ತದ. ಕೋಶಗಳನ್ನ ಟ್ರಿಪ್ಸಿನ್ ಹಾಕಿ ಎಬ್ಬಿಸಿ, ಸ್ಪಿನ್ ಮಾಡಿ, ರಿಪಾ ಬಫರ್ (ಕೋಶ ಒಡೆಯೂ ದ್ರಾವಣ) ಮತ್ತ ಪ್ರೋಟಿಯೇಸ್ ಇನ್‌ಹಿಬಿಟರ್‌ನಾಗ ಲೈಸ್ ಮಾಡ್ತೀವಿ. ಲೇನಿಗೆ 30 ಮೈಕ್ರೋಗ್ರಾಂ. ಆ್ಯಂಟಿಬಾಡಿ ವಯಲ್ ಹಾಳಾಗಿರಬಹುದೇನ್ರಿ? ಹೊಸದು ತರಿಸಬೇಕಂದ್ರ ಬಹಳ ದಿನ ಹಿಡೀತದ, ರೇಟೂ ಭಾಳ.

ಬ್ಲಾಟ್ ಬಳಗ, ಹುಬ್ಬಳ್ಳಿ

ವಯಲ್ ಮ್ಯಾಲೆ ಸಂಶಯ ಕಡೀಕ ಇಟ್ಕೋರಿ. ಒಟ್ಟು ಎಕೆಟಿ ಚೊಲೋ ಬಂದದ ಅಂದ್ರ ಜೆಲ್, ಟ್ರಾನ್ಸ್‌ಫರ್, ಇಸಿಎಲ್ (ಬ್ಯಾಂಡ್ ಬೆಳಗಿಸೂ ದ್ರಾವಣ) ಎಲ್ಲಾ ಸರಿ ಅವ. ಪ್ರೋಟೀನ್ ಅದ, ಅದರ ಮ್ಯಾಲಿನ ಫಾಸ್ಫೇಟ್ ಹೋಗ್ಯದ.

ಹೋಗೂದು ಟ್ರಿಪ್ಸಿನ್ ಹಂತದಾಗ. 37 ಡಿಗ್ರಿಯೊಳಗ ನಾಕೈದು ನಿಮಿಷ, ಆಮ್ಯಾಲೆ ಸ್ಪಿನ್. ಅಷ್ಟರಾಗ ಕೋಶದೊಳಗಿನ ಫಾಸ್ಫಟೇಸ್‌ಗಳು (ಫಾಸ್ಫೇಟ್ ಕೀಳೂ ಎಂಜೈಮ್) ತಮ್ಮ ಕೆಲಸ ಮುಗಿಸಿರ್ತಾವ. ಸೆರೀನ್ 473ರ ಫಾಸ್ಫೇಟ್ ಕೀಳಾಕಂತನ ಪಿಎಚ್‌ಎಲ್‌ಪಿಪಿ ಅನ್ನೂ ಫಾಸ್ಫಟೇಸ್ ಅದ. ಮ್ಯಾಲೆ ಟ್ರಿಪ್ಸಿನ್ ನಿಲ್ಲಿಸಾಕ ಸೀರಮ್ ಹಾಕಿದ್ರ ಅದರಾಗಿನ ಗ್ರೋತ್ ಫ್ಯಾಕ್ಟರ್ ಎಲ್ಲಾ ಲೇನಿಗೂ ಸಿಗ್ನಲ್ ಕೊಡ್ತಾವ. ಇನ್ಸುಲಿನ್ ಕೊಟ್ಟದ್ದಕ್ಕೂ ಕೊಡದ್ದಕ್ಕೂ ಆಮ್ಯಾಲೆ ಫರಕ್ ಉಳಿಯೂದಿಲ್ಲ.

ಹಿಂಗ ಮಾಡ್ರಿ. ಹಿಂದಿನ ರಾತ್ರಿ ಸೀರಮ್ ಇಲ್ಲದ ಮೀಡಿಯಾ ಹಾಕಿ ಬಿಡ್ರಿ. ಮರುದಿನ 100 ನ್ಯಾನೋಮೋಲಾರ್ ಇನ್ಸುಲಿನ್, 10ರಿಂದ 15 ನಿಮಿಷ. ಪ್ಲೇಟ್ ಐಸ್ ಮ್ಯಾಲಿಟ್ಟು ತಣ್ಣನೆ ಪಿಬಿಎಸ್‌ನಿಂದ ತೊಳೀರಿ, ಪ್ಲೇಟ್ ವಾರೆ ಹಿಡಿದು ಮೂಲಿಯೊಳಗಿನ ಹನಿ ಸುದ್ದಾ ಎಳೀರಿ. ಆಮ್ಯಾಲೆ ಐಸ್‌ನಿಂದ ತಗದು, 6-ವೆಲ್ ಪ್ಲೇಟ್ ಇದ್ರ ವೆಲ್ಲಿಗೆ 100 ಮೈಕ್ರೋಲೀಟರ್ ಬಿಸಿ ಲೆಮ್ಲಿ ಬಫರ್ (ಎಸ್‌ಡಿಎಸ್ ಡಿಟರ್ಜೆಂಟ್ ಇರೂ ಸ್ಯಾಂಪಲ್ ಬಫರ್) ನೇರ ಹಾಕಿ ಸ್ಕ್ರೇಪರ್‌ನಿಂದ ಕೆರೀರಿ. ಡಿಎನ್‌ಎಯಿಂದ ಅಂಟಂಟ ಆಗ್ತದ, ಸಣ್ಣ ಸೂಜಿಯೊಳಗ ಹತ್ತು ಸಲ ಎಳೀರಿ ಇಲ್ಲಾ ಸೋನಿಕೇಟ್ ಮಾಡ್ರಿ. 95 ಡಿಗ್ರಿ, 5 ನಿಮಿಷ. ಎಸ್‌ಡಿಎಸ್ ಇದ್ದ ಸ್ಯಾಂಪಲ್ ಐಸ್ ಮ್ಯಾಲೆ ಇಡಬ್ಯಾಡ್ರಿ, ಬೆಳ್ಳಗ ಹೆಪ್ಪುಗಟ್ತದ.

ರಿಪಾನೇ ಬೇಕಂದ್ರ ಫಾಸ್ಫಟೇಸ್ ತಡೆಯಾಕ ಸೋಡಿಯಂ ಫ್ಲೋರೈಡ್ 10ರಿಂದ 50 ಮಿಲಿಮೋಲಾರ್, ಬೀಟಾ-ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್ ಹಾಕಲೇಬೇಕು. ಆರ್ಥೋವೆನಡೇಟ್ ಒಂದs ಹಾಕಿ ಸುಮ್ಮನಾಗಬ್ಯಾಡ್ರಿ, ಅದು ಮುಖ್ಯವಾಗಿ ಟೈರೋಸಿನ್ ಫಾಸ್ಫಟೇಸ್ ತಡೀತದ, ನಿಮ್ಮದು ಸೆರೀನ್.

ಕೋಶಜೀವಿ, ಗದಗ

ಮೇಲಿನ ಸರ್ ಹೇಳಿದ್ದು ಬ್ಯಾಂಡ್ ಕಾಣದ್ದಕ್ಕೆ ಕಾರಣ. ಮೆಂಬ್ರೇನ್ ಕಪ್ಪಾಗುವುದಕ್ಕೆ ಮೊದಲು ನೋಡಬೇಕಾದ್ದು ಹಾಲು. ಹಾಲಿನ ಕೇಸೀನ್ ತಾನೇ ಫಾಸ್ಫೋಪ್ರೋಟೀನ್ (ಫಾಸ್ಫೇಟ್ ಹೊತ್ತ ಪ್ರೋಟೀನ್), ಅದರಿಂದ ಹಿನ್ನೆಲೆ ಕಪ್ಪಾಗಬಹುದು. ಹಾಗಂತ ಹಾಲನ್ನು ಪೂರ್ತಿ ಬಿಡಬೇಕಿಲ್ಲ. ಬ್ಲಾಕಿಂಗ್ (ಮೆಂಬ್ರೇನ್‌ನ ಖಾಲಿ ಜಾಗ ಮುಚ್ಚುವುದು) ಒಂದು ಗಂಟೆ ಹಾಲಿನಲ್ಲೇ ಮಾಡಿ, ಟಿಬಿಎಸ್‌ಟಿ ಬಫರ್‌ನಲ್ಲಿ ಚೆನ್ನಾಗಿ ತೊಳೆದು, ಪ್ರೈಮರಿಯನ್ನು (ಎಕೆಟಿಗೆ ಅಂಟುವ ಮೊದಲ ಆ್ಯಂಟಿಬಾಡಿ) ಮಾತ್ರ 5% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ದ್ರಾವಣದಲ್ಲಿ ಹಾಕಿ. ಜೊತೆಗೆ ಒಂದು ಪಟ್ಟಿ ಕತ್ತರಿಸಿ ಸೆಕೆಂಡರಿ (ಪ್ರೈಮರಿಗೆ ಅಂಟುವ ಎರಡನೇ ಆ್ಯಂಟಿಬಾಡಿ) ಮಾತ್ರ ಹಾಕಿ ನೋಡಿ. ಅದೂ ಕಪ್ಪಾದರೆ ದೋಷ ಸೆಕೆಂಡರಿ ಕಡೆಯದು. ಇನ್ನೊಂದು, ಪ್ರೋಟೋಕಾಲ್‌ನ 'ರೂಮ್ ಟೆಂಪರೇಚರ್' ಅಂದರೆ 20–25 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಎಸಿ ಇಲ್ಲದ ಲ್ಯಾಬ್ 35 ದಾಟುತ್ತದೆ, ಅದನ್ನೇ ರೂಮ್ ಟೆಂಪರೇಚರ್ ಅಂದುಕೊಳ್ಳಬೇಡಿ.

ಕಂಟ್ರೋಲ್ ಇಲ್ಲದೆ ಯಾವ ಬ್ಯಾಂಡನ್ನೂ ನಂಬಬೇಡಿ. ಜರ್ಕಾಟ್ (ರಕ್ತ ಕ್ಯಾನ್ಸರ್) ಕೋಶಗಳಲ್ಲಿ ಎಕೆಟಿ ಚುರುಕಾಗುವುದನ್ನು ತಡೆಯುವ ಪಿಟೆನ್ ಇಲ್ಲ, ಹಾಗಾಗಿ ಏನೂ ಕೊಡದಿದ್ದರೂ ಫಾಸ್ಫೋ-ಎಕೆಟಿ ಜೋರಾಗಿರುತ್ತದೆ. ಅದರ ಲೈಸೇಟ್ ಒಂದು ಲೇನ್ ಓಡಿಸಿ, ವಯಲ್ ಸರಿಯಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಜರ್ಕಾಟ್ ಸಿಗದಿದ್ದರೆ ಪುಣೆಯ ಎನ್‌ಸಿಸಿಎಸ್ ಕೋಶ ಭಂಡಾರದಲ್ಲಿ ವಿಚಾರಿಸಿ. ನೆಗೆಟಿವ್‌ಗೆ ಇನ್ಸುಲಿನ್‌ಗಿಂತ ಒಂದು ಗಂಟೆ ಮೊದಲು ಎಲ್‌ವೈ294002 (ಎಕೆಟಿಯನ್ನು ಚುರುಕಾಗಿಸುವ ಪಿಐ3ಕೆ ಎಂಜೈಮನ್ನು ತಡೆಯುವ ರಾಸಾಯನಿಕ), 50 ಮೈಕ್ರೋಮೋಲಾರ್. ಎಂಸಿಎಫ್-7ರಲ್ಲಿ ಅದೇ ಪಿಐ3ಕೆಯ ಪಿಐಕೆ3ಸಿಎ ಜೀನ್ ರೂಪಾಂತರವಿದೆ, ಆದ್ದರಿಂದ ಇನ್ಸುಲಿನ್ ಕೊಡದ ಲೇನಿನಲ್ಲೂ ತುಸು ಬ್ಯಾಂಡ್ ಕಂಡರೆ ಗಾಬರಿಯಾಗಬೇಡಿ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಇಬ್ಬರಿಗೂ ಭಾಳ ಥ್ಯಾಂಕ್ಸ್ ರೀ. ಲೆಮ್ಲಿ ನೇರ ಹಾಕಿದ್ರ ಪ್ರೋಟೀನ್ ಅಳತಿ ಹೆಂಗ? ಒಂದೇ ಮೆಂಬ್ರೇನ್ ಸ್ಟ್ರಿಪ್ ಮಾಡಿ (ಹಳೇ ಆ್ಯಂಟಿಬಾಡಿ ತೊಳೆದು ತಗದು) ಒಟ್ಟು ಎಕೆಟಿ ನೋಡಬಹುದೇನು?

ಬ್ಲಾಟ್ ಬಳಗ, ಹುಬ್ಬಳ್ಳಿ

ಬಣ್ಣ, ಡಿಟಿಟಿ ಎರಡೂ ಇಲ್ಲದ 1% ಎಸ್‌ಡಿಎಸ್, 50 ಮಿಲಿಮೋಲಾರ್ ಟ್ರಿಸ್ ಬಿಸಿ ಮಾಡಿ ಹಾಕ್ರಿ. ಪ್ರೋಟೀನ್ ಅಳತಿ ಪರೀಕ್ಷೆಗಳೊಳಗ ಬಿಸಿಎ ಎಸ್‌ಡಿಎಸ್ ತಡ್ಕೋತದ, ಬ್ರಾಡ್‌ಫೋರ್ಡ್ ತಡ್ಕೋಳೂದಿಲ್ಲ. ಅಳತಿ ಆದ ಮ್ಯಾಲೆ 4ಎಕ್ಸ್ ಬಫರ್ ಸೇರಿಸ್ರಿ.

ಸ್ಟ್ರಿಪ್ ಮಾಡೂದಿದ್ರ ಫಾಸ್ಫೋ ಮೊದಲ, ಒಟ್ಟು ಆಮ್ಯಾಲೆ. ನಿಮ್ಮವು ಎರಡೂ ಮೊಲದ್ದs ಇರೋದರಿಂದ ಹಳೇ ಫಾಸ್ಫೋ ಆ್ಯಂಟಿಬಾಡಿ ಉಳದ್ರ ಅದೂ ಒಟ್ಟು ಎಕೆಟಿ ಅಂತ ಕಾಣ್ತದ. ಸ್ಟ್ರಿಪ್ ಆದ ಮ್ಯಾಲೆ ಸೆಕೆಂಡರಿ ಮತ್ತ ಇಸಿಎಲ್ ಅಷ್ಟs ಹಾಕಿ ಖಾಲಿ ಅದ ಅಂತ ಖಾತ್ರಿ ಮಾಡ್ಕೋರಿ. ಇಲಿಯ ಒಟ್ಟು ಎಕೆಟಿ ಆ್ಯಂಟಿಬಾಡಿ ಸಿಕ್ರ ಇನ್ನೂ ಚೊಲೋ.

ಬಿಎಸ್‌ಎಯೊಳಗಿನ ಪ್ರೈಮರಿ ಮತ್ತ ಬಳಸಾಕ ಕೆಡದಂಗ 0.02% ಸೋಡಿಯಂ ಅಝೈಡ್ ಹಾಕಿ ಇಡಬಹುದು, ಆದ್ರ ಎಚ್‌ಆರ್‌ಪಿ ಎಂಜೈಮ್ ಜೋಡಿಸಿದ ಸೆಕೆಂಡರಿಗೆ ಅಝೈಡ್ ಹನಿನೂ ಬ್ಯಾಡ, ಎಂಜೈಮ್ ಸಾಯ್ತದ. ವಯಲ್ 50% ಗ್ಲಿಸರಾಲ್‌ನಾಗಿದ್ರ -20 ಡಿಗ್ರಿಯೊಳಗ ನೀರಾಗೇ ಇರ್ತದ, ಅಲಿಕ್ವಾಟ್ (ಸಣ್ಣ ಸಣ್ಣ ಪಾಲು) ಮಾಡೂ ಅವಶ್ಯಕತೆ ಇಲ್ಲ. ತಾನಾಗಿ ಐಸ್ ಕರಗಿಸೂ ಫ್ರಾಸ್ಟ್-ಫ್ರೀ ಫ್ರೀಜರ್‌ನಾಗ ಮಾತ್ರ ಇಡಬ್ಯಾಡ್ರಿ, ಮತ್ತ ಕರೆಂಟ್ ಹೋದಾಗ ಬಾಗಿಲಾ ತಗೀಬ್ಯಾಡ್ರಿ.